ಶಿಲೆಯ ಪದರಗಳನ್ನು ಓದಿದ ಧರ್ಮಾಧ್ಯಕ್ಷರು

ಕಳೆದ ವರ್ಷದ ಆಗಮನ ಕಾಲದಲ್ಲಿ ರಬಕವಿ-ಬನಹಟ್ಟಿ ಭಾಗದ ಕುಟುಂಬವೊಂದನ್ನು ಸಂದರ್ಶಿಸಲು ಹೋಗಿದ್ದೆವು. ಜಪಮಾಲೆ ಮುಗಿದು ಚಹಾ ಬರುವಷ್ಟರಲ್ಲಿ, ಆ ಮನೆಯ ತಂದೆ ಮತ್ತು ಮಗಳ ನಡುವೆ ಕೆಲವು ದಿನಗಳಿಂದ ಮಾತುಕತೆ ನಿಂತಿದೆ ಎಂಬುದು ತಿಳಿಯಿತು. ಕಾರಣ ಆಸ್ತಿಯಲ್ಲ, ಮದುವೆಯ ವಿಚಾರವೂ ಅಲ್ಲ, ಭೂಮಿಯ ವಯಸ್ಸು! ಮೊಬೈಲಿನಲ್ಲಿ ಬಂದ ಪ್ರವಚನವೊಂದನ್ನು ಕೇಳಿದ ತಂದೆಗೆ, ಭೂಮಿ ಸೃಷ್ಟಿಯಾಗಿ ಆರು ಸಾವಿರ ವರ್ಷಗಳಷ್ಟೇ ಆಗಿವೆ, ಇದನ್ನು ಒಪ್ಪದವನು ಬೈಬಲನ್ನೇ ಒಪ್ಪದವನು ಎಂಬ ಮಾತು ಮನಸ್ಸಿನಲ್ಲಿ ನೆಟ್ಟಿತ್ತು. ಬಿ.ಎಸ್ಸಿ. ಓದುತ್ತಿರುವ ಮಗಳು ತನ್ನ ಪಠ್ಯದಲ್ಲಿ ಸುಮಾರು 450 ಕೋಟಿ ವರ್ಷಗಳೆಂದು ಓದಿದ್ದಳು. ಹಾಗಾದರೆ ತಾನು ಬಲಿಪೂಜೆಗೆ ಬರಬೇಕೋ ಬೇಡವೋ ಎಂದು ಅವಳು ನಮ್ಮನ್ನು ನೇರವಾಗಿಯೇ ಕೇಳಿದಳು.

ಈ ಪ್ರಶ್ನೆ ನಮಗೆ ಹೊಸದಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಧರ್ಮೋಪದೇಶ ತರಗತಿಗೆ ಬರುತ್ತಿದ್ದ ಹುಡುಗನೊಬ್ಬ ಇದನ್ನೇ ಕೇಳಿದ್ದನು. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದ ಹೆಮ್ಮೆ ಆಗ ನಮ್ಮಲ್ಲಿ ಇನ್ನೂ ಆರಿರಲಿಲ್ಲ. ಆದಿಕಾರಣವೆಂದರೇನು, ಅದಕ್ಕೆ ಅಧೀನವಾದ ಕಾರಣಗಳೆಂದರೇನು, ಕಾಲವೆಂಬುದೂ ಒಂದು ಸೃಷ್ಟಿಯೇ ಹೇಗೆ ಎಂದು ಅರ್ಧ ಗಂಟೆ ವಿವರಿಸಿದೆವು. ಹುಡುಗ ವಿನಯದಿಂದ ಕೇಳಿಕೊಂಡು ಹೋದನು. ಮುಂದಿನ ಭಾನುವಾರದಿಂದ ಬರುವುದನ್ನೇ ಬಿಟ್ಟನು. ತಮ್ಮ ಹೊಲದ ಬಾವಿಯಲ್ಲಿ ಕಂಡ ಕಲ್ಲು ಆರು ಸಾವಿರ ವರ್ಷಗಳದ್ದೋ ಅಲ್ಲವೋ ಎಂಬಷ್ಟೇ ಅವನಿಗೆ ಬೇಕಾಗಿತ್ತು. ಅದನ್ನು ನಾವು ಹೇಳಲಿಲ್ಲ. ಆ ಬಾಕಿಯನ್ನು ತೀರಿಸಬೇಕೆಂದು ಈ ವಾರ ಪುನೀತ ನಿಕೋಲಸ್ ಸ್ಟೆನೋ ಅವರ ಜೀವನವನ್ನು ವಾಚಕರ ಮುಂದಿಡುತ್ತಿದ್ದೇವೆ. ಭೂಮಿಯ ಪದರಗಳನ್ನು ಓದುವ ವಿದ್ಯೆಯನ್ನು ಜಗತ್ತಿಗೆ ಕಲಿಸಿದವರು ಕಥೋಲಿಕ ಧರ್ಮಸಭೆಯ ಒಬ್ಬ ಧರ್ಮಾಧ್ಯಕ್ಷರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಸ್ಟೆನೋ 1638ರ ಜನವರಿಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ, ಅಕ್ಕಸಾಲಿಗರ ಮನೆಯಲ್ಲಿ ಜನಿಸಿದರು. ಮನೆತನ ಲೂಥರನ ಪಂಥಕ್ಕೆ ಸೇರಿದ್ದು. ಎಳವೆಯಲ್ಲಿ ಬಹುಕಾಲ ಕಾಯಿಲೆ; ತಂದೆಯ ಮರಣವೂ ಬೇಗನೆ ಸಂಭವಿಸಿತು. 1656ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಸೇರಿ ವೈದ್ಯಶಾಸ್ತ್ರ ಕಲಿಯತೊಡಗಿದರು. 1660ರಲ್ಲಿ ಹಾಲೆಂಡಿಗೆ ಹೋಗಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕುರಿಯ ತಲೆಯೊಂದನ್ನು ಸೀಳಿ ನೋಡುತ್ತಿದ್ದಾಗ, ಕೆನ್ನೆಯ ಗ್ರಂಥಿಯಿಂದ ಬಾಯಿಗೆ ಜೊಲ್ಲು ಹರಿಸುವ ನಾಳವನ್ನು ಕಂಡುಹಿಡಿದರು. ಇಂದಿಗೂ ವೈದ್ಯರು ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಹೃದಯವೆಂಬುದು ಪ್ರಾಣಾಗ್ನಿಯ ಕುಂಡವಲ್ಲ, ಅದೊಂದು ಸ್ನಾಯು ಮಾತ್ರ ಎಂದು ತೋರಿಸಿದವರಲ್ಲಿಯೂ ಅವರು ಪ್ರಮುಖರು.

ಇಲ್ಲಿ ಒಂದು ಪ್ರಸಂಗದ ಬಳಿ ಸ್ವಲ್ಪ ನಿಲ್ಲಬೇಕು. 1665ರಲ್ಲಿ ಪ್ಯಾರಿಸಿನ ವಿದ್ವಾಂಸರ ಮುಂದೆ ಸ್ಟೆನೋ ಮಿದುಳನ್ನು ಕುರಿತು ಉಪನ್ಯಾಸ ನೀಡಿದರು. ಆಗಿನ್ನೂ ಇಪ್ಪತ್ತೇಳರ ಯುವಕ. ಡೆಕಾರ್ಟ್ ಎಂಬ ಮಹಾದಾರ್ಶನಿಕ ಮಿದುಳಿನೊಳಗಿನ ಪುಟ್ಟ ಗ್ರಂಥಿಯೊಂದು ಅತ್ತಿತ್ತ ಓಲಾಡಿ ಆತ್ಮದ ಆಜ್ಞೆಯನ್ನು ದೇಹಕ್ಕೆ ಮುಟ್ಟಿಸುತ್ತದೆಂದು ಬರೆದಿದ್ದನು. ಆ ವಿವರಣೆ ಸೊಗಸಾಗಿತ್ತು, ಪ್ಯಾರಿಸಿನಲ್ಲಿ ಅದಕ್ಕೆ ಮನ್ನಣೆಯೂ ಇತ್ತು. ಸ್ಟೆನೋ ಡೆಕಾರ್ಟನ ಕ್ರಮವನ್ನು ಗೌರವಿಸುತ್ತಿದ್ದವರೇ. ಆದರೂ ಆ ಗ್ರಂಥಿ ಹಾಗೆ ಓಲಾಡಲು ಅಲ್ಲಿ ಎಡೆಯೇ ಇಲ್ಲವೆಂದೂ, ಮಿದುಳಿನ ವಿಷಯದಲ್ಲಿ ತಮಗೆ ತಿಳಿದಿರುವುದು ಬಹಳ ಕಡಿಮೆಯೆಂದೂ ತುಂಬಿದ ಸಭೆಯಲ್ಲಿ ಒಪ್ಪಿಕೊಂಡರು. ಕಣ್ಣಿನಿಂದ ಕಂಡದ್ದೆಷ್ಟು, ಬುದ್ಧಿಯಿಂದ ಊಹಿಸಿದ್ದೆಷ್ಟು, ಇತರರಿಂದ ಕೇಳಿ ನಂಬಿದ್ದೆಷ್ಟು ಎಂದು ಬೇರ್ಪಡಿಸುವ ಈ ಗುಣವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಕಲ್ಲುಗಳ ವಿಷಯದಲ್ಲಿ ಅದೇ ಕೆಲಸಕ್ಕೆ ಬಂದಿತು.

1666ರಲ್ಲಿ ಅವರು ಇಟಲಿಯ ಟಸ್ಕನಿ ಸಂಸ್ಥಾನಕ್ಕೆ ಬಂದರು. ಅಲ್ಲಿನ ಮಹಾಪ್ರಭು ಎರಡನೆಯ ಫರ್ಡಿನಾಂಡೊ ವಿದ್ವಾಂಸರನ್ನು ಸಾಕಿ ಸಲಹುತ್ತಿದ್ದವನು. ಅದೇ ಅಕ್ಟೋಬರಿನಲ್ಲಿ ಲಿವೊರ್ನೊ ಬಂದರಿನ ಬಳಿ ಬೆಸ್ತರು ಭಾರಿ ಶಾರ್ಕ್ ಮೀನೊಂದನ್ನು ಹಿಡಿದರು. ಅದರ ತಲೆಯನ್ನು ಫ್ಲಾರೆನ್ಸಿಗೆ ತರಿಸಿ ಸ್ಟೆನೋ ಅವರ ಮುಂದೆ ಇಡಲಾಯಿತು. ಅದರ ಹಲ್ಲುಗಳನ್ನು ನೋಡಿದಾಗ ಅವರಿಗೆ ನೆನಪಾದುದು ಮಾಲ್ಟಾ ದ್ವೀಪದ ಬಂಡೆಗಳಲ್ಲಿ ಸಿಗುತ್ತಿದ್ದ ನಾಲಗೆಕಲ್ಲುಗಳು. ಪ್ರೇಷಿತರ ಕಾರ್ಯಕಲಾಪಗಳಲ್ಲಿ ನಾವು ಓದುತ್ತೇವಷ್ಟೆ, ಹಡಗು ಒಡೆದು ಮಾಲ್ಟಾ ಸೇರಿದ ಸಂತ ಪೌಲರ ಕೈಗೆ ಹಾವು ಸುತ್ತಿಕೊಂಡಿತೆಂದು. ಆ ದ್ವೀಪದ ಹಾವುಗಳ ನಾಲಗೆಗಳು ಅಂದು ಸಂತರ ಶಾಪದಿಂದ ಕಲ್ಲಾದವು, ಈ ಕಲ್ಲುಗಳು ಅವೇ ಎಂದು ಜನ ನಂಬಿದ್ದರು. ವಿಷಕ್ಕೆ ಮದ್ದೆಂದು ಕೊರಳಿಗೂ ಕಟ್ಟಿಕೊಳ್ಳುತ್ತಿದ್ದರು. ಪಂಡಿತರಲ್ಲಿ ಹಲವರು ಅವು ನೆಲದೊಳಗೆ ತಾವಾಗಿಯೇ ಬೆಳೆಯುವ ಕಲ್ಲುಗಳೆಂದರು. ಅವು ಶಾರ್ಕಿನ ಹಲ್ಲುಗಳೆಂದು ಫಾಬಿಯೊ ಕೊಲೊನ್ನಾ ಎಂಬಾತ 1616ರಲ್ಲಿಯೇ ಹೇಳಿದ್ದುಂಟು, ಕೇಳಿದವರು ಕಡಿಮೆ. ಸ್ಟೆನೋ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿ, ಇವು ಒಂದು ಕಾಲದ ಶಾರ್ಕುಗಳ ಹಲ್ಲುಗಳೇ ಎಂಬ ಅಭಿಪ್ರಾಯಕ್ಕೆ ಬಂದು 1667ರಲ್ಲಿ ಪ್ರಕಟಿಸಿದರು.

ಹಾಗಾದರೆ ಕಡಲ ಮೀನಿನ ಹಲ್ಲು ಗುಡ್ಡದ ಬಂಡೆಯೊಳಗೆ ಸೇರಿದ್ದು ಹೇಗೆ? ಇದಕ್ಕೆ ಉತ್ತರ ಹುಡುಕುತ್ತ ಅವರು ಟಸ್ಕನಿಯ ಬೆಟ್ಟಗಳನ್ನೂ ಗಣಿಗಳನ್ನೂ ಗುಹೆಗಳನ್ನೂ ಸುತ್ತಿದರು. ಆ ತಿರುಗಾಟದ ಫಲವೇ 1669ರಲ್ಲಿ ಅಚ್ಚಾದ ಚಿಕ್ಕ ಲ್ಯಾಟಿನ್ ಗ್ರಂಥ. ಘನವಸ್ತುವಿನೊಳಗೆ ಅಡಕವಾದ ಘನವಸ್ತುವನ್ನು ಕುರಿತದ್ದು. ದೊಡ್ಡ ಗ್ರಂಥವೊಂದಕ್ಕೆ ಇದು ಪೀಠಿಕೆ ಮಾತ್ರ ಎಂದು ಅವರು ಹೇಳಿಕೊಂಡಿದ್ದರು. ಆ ದೊಡ್ಡ ಗ್ರಂಥವನ್ನು ಬರೆಯಲೇ ಇಲ್ಲ. ಅಚ್ಚಿಗೆ ಮುನ್ನ ಧರ್ಮಸಭೆಯ ಪರವಾಗಿ ಅದನ್ನು ಪರಿಶೀಲಿಸಿ ಒಪ್ಪಿಗೆ ಕೊಟ್ಟವರಲ್ಲಿ ಒಬ್ಬರು ವಿವಿಯಾನಿ, ಅಂದರೆ ಗೆಲಿಲಿಯೋವಿನ ಕೊನೆಯ ಶಿಷ್ಯ. ಗೆಲಿಲಿಯೋ ಪ್ರಕರಣವನ್ನು ಮಾತ್ರ ಹಿಡಿದು ಮಾತನಾಡುವವರಿಗೆ ಈ ಸಂಗತಿ ತಿಳಿದಿರುವುದಿಲ್ಲ.

ಆ ಗ್ರಂಥದ ಮುಖ್ಯ ಮಾತು ಸರಳವಾದದ್ದು. ನೀರಿನಲ್ಲಿ ತೇಲಿಬಂದ ಮಣ್ಣು ಮರಳು ತಳಕ್ಕೆ ಇಳಿದು ಪದರವಾಗುತ್ತದೆ. ಮೇಲಿನ ಪದರ ಕೂಡುವಾಗ ಕೆಳಗಿನದು ಆಗಲೇ ಗಟ್ಟಿಯಾಗಿರಬೇಕು. ಆದುದರಿಂದ ಕೆಳಗಿನದೇ ಹಳೆಯದು. ಪದರ ಕೂಡುವಾಗ ಅಡ್ಡಕ್ಕೆ ಸಮನಾಗಿಯೇ ಕೂಡುತ್ತದೆ. ಇಂದು ಅದು ಓರೆಯಾಗಿ ನಿಂತಿದ್ದರೆ ಆಮೇಲೆ ಏನೋ ಅದನ್ನು ಅಲುಗಿಸಿದೆ. ನಮ್ಮ ನೇಕಾರ ಕುಟುಂಬಗಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮಗ್ಗದ ಮುಂದಿನ ದಿಂಡಿಗೆ ಸುತ್ತಿದ ಸೀರೆಯಲ್ಲಿ ಮೊದಲು ನೇಯ್ದ ಭಾಗ ಒಳಗಿರುತ್ತದೆ, ಇಂದು ನೇಯ್ದದ್ದು ಹೊರಗಿರುತ್ತದೆ. ನೇಯುವಾಗ ನೋಡದವನೂ ಅದನ್ನು ಬಿಚ್ಚಿ ಅನುಕ್ರಮ ಹೇಳಬಲ್ಲ. ಎಷ್ಟು ದಿನದ ಕೆಲಸ ಎಂಬುದನ್ನು ಮಾತ್ರ ಸೀರೆಯೊಂದನ್ನೇ ನೋಡಿ ಹೇಳಲಾರ.

ಸ್ಟೆನೋ ಅವರ ಸ್ಥಿತಿಯೂ ಅದೇ. ಪದರಗಳು ಅವರಿಗೆ ಅನುಕ್ರಮವನ್ನು ಕೊಟ್ಟವು, ವರ್ಷಗಳನ್ನು ಕೊಡಲಿಲ್ಲ. ವರ್ಷಗಳನ್ನು ಅವರು ತಮ್ಮ ಕಾಲದ ಸಾಮಾನ್ಯ ನಂಬಿಕೆಯಿಂದಲೇ ತೆಗೆದುಕೊಂಡರು. ಆಗ ಕಥೋಲಿಕರೂ ಪ್ರಾಟೆಸ್ಟಂಟರೂ ಬೈಬಲಿನ ವಂಶಾವಳಿಗಳನ್ನು ಕೂಡಿಸಿ ಜಗತ್ತಿನ ವಯಸ್ಸನ್ನು ಎಣಿಸುತ್ತಿದ್ದರು. ಐರ್ಲೆಂಡಿನ ಆಂಗ್ಲಿಕನ್ ಮಹಾಧರ್ಮಾಧ್ಯಕ್ಷ ಜೇಮ್ಸ್ ಅಷರ್ 1650ರಲ್ಲಿ ಸೃಷ್ಟಿಯ ದಿನವನ್ನು ಕ್ರಿ.ಪೂ. 4004ರ ಅಕ್ಟೋಬರ್ 23 ಎಂದೇ ನಿಗದಿಪಡಿಸಿದ್ದರು. ಕ್ರಿಸ್ತಜಯಂತಿಯಂದು ಹಾಡುತ್ತಿದ್ದ ನಮ್ಮ ರೋಮನ್ ಘೋಷಣೆ ಮಾತ್ರ ಸೃಷ್ಟಿಯಿಂದ ಕ್ರಿಸ್ತರವರೆಗೆ 5199 ವರ್ಷಗಳೆನ್ನುತ್ತಿತ್ತು. ಪೂರ್ವದ ಬಿಜಾಂಟಿಯನ್ ಸಭೆಯ ಲೆಕ್ಕ ಕ್ರಿ.ಪೂ. 5509. ಹೀಬ್ರೂ ಪಾಠದ ವಂಶಾವಳಿಯಲ್ಲಿರುವ ವರ್ಷಗಳೇ ಬೇರೆ, ಹಳೆಯ ಗ್ರೀಕ್ ಅನುವಾದದಲ್ಲಿರುವವೇ ಬೇರೆ. ಒಂದೇ ಶ್ರೀಗ್ರಂಥವನ್ನು ಭಕ್ತಿಯಿಂದ ಓದಿದವರು ಒಂದೂವರೆ ಸಾವಿರ ವರ್ಷಗಳ ಅಂತರದ ಲೆಕ್ಕಗಳನ್ನು ಕೊಟ್ಟರು, ಯಾರೂ ಯಾರನ್ನೂ ಅವಿಶ್ವಾಸಿಯೆನ್ನಲಿಲ್ಲ! ಪ್ರವಚನಕಾರರು ಈ ಸಂಗತಿಯನ್ನು ಹೇಳುವುದಿಲ್ಲ.

ಸ್ಟೆನೋ ಕಾಲದ ಆಕ್ಷೇಪಣೆ ಇಂದಿನದಕ್ಕೆ ತಿರುಗುಮುರುಗಾಗಿತ್ತು. ಬಂಡೆಯೊಳಗಿನ ಚಿಪ್ಪುಗಳು ನೋವನ ಜಲಪ್ರಳಯದ ಕಾಲದವೆಂದರೆ, ಚಿಪ್ಪು ಅಷ್ಟು ದೀರ್ಘಕಾಲ, ಅಂದರೆ ನಾಲ್ಕು ಸಾವಿರ ವರ್ಷ, ಕೆಡದೆ ಉಳಿಯುವುದು ಸಾಧ್ಯವೇ ಎಂದು ಜನ ಸಂದೇಹಪಡುತ್ತಿದ್ದರು. ಅದಕ್ಕೆ ಅವರು ವೊಲ್ಟೆರಾ ಎಂಬ ಪುರಾತನ ಪಟ್ಟಣವನ್ನು ತೋರಿಸಿದರು. ಅದರ ಗೋಡೆಯ ಕಲ್ಲುಗಳಲ್ಲಿ ಚಿಪ್ಪುಗಳಿದ್ದವು. ರೋಮ್ ಹುಟ್ಟಿ ಎರಡು ಸಾವಿರದ ನಾನೂರಕ್ಕೂ ಹೆಚ್ಚು ವರ್ಷಗಳಾಗಿದ್ದವು. ಅದಕ್ಕೂ ಮೊದಲೇ ವೊಲ್ಟೆರಾ ಬೆಳೆದಿತ್ತು. ಅದು ಬೆಳೆಯಲು ಹಿಡಿದ ಕಾಲವನ್ನೂ, ಕಲ್ಲು ಉಂಟಾದ ಕಾಲವನ್ನೂ ಕೂಡಿಸಿದರೆ ಪ್ರಳಯದವರೆಗೆ ಸುಲಭವಾಗಿ ಹೋಗಬಹುದೆಂದು ವಾದಿಸಿದರು. ವಾದ ಬಹಳ ಅಚ್ಚುಕಟ್ಟು. ಕಾಲದ ಕೋಣೆಯನ್ನು ಇಷ್ಟು ಕಿರಿದಾಗಿಸಿಕೊಂಡದ್ದರಿಂದ ಒಂದು ಕಡೆ ಅವರು ಎಡವಿದರು ಕೂಡ. ಅರೆಜ್ಜೊ ಬಳಿ ನೆಲದಲ್ಲಿ ಸಿಕ್ಕ ಭಾರಿ ಮೂಳೆಗಳನ್ನು ಹನ್ನಿಬಾಲನ ಸೇನೆಯ ಆನೆಗಳದ್ದೆಂದು ಬರೆದರು. ಅವು ಈಗ ಭೂಮಿಯ ಮೇಲೆ ಎಲ್ಲಿಯೂ ಇಲ್ಲದ, ಇತಿಹಾಸಕ್ಕೆ ಬಹಳ ಹಿಂದಿನ ಆನೆ ಜಾತಿಗಳವು. ಪುನೀತರೆಂದ ಮಾತ್ರಕ್ಕೆ ಅವರ ಪ್ರತಿಯೊಂದು ಊಹೆಯನ್ನೂ ನಾವು ಸಮರ್ಥಿಸಬೇಕಿಲ್ಲ.

ನಿಯಮ ಉಳಿಯಿತು, ಊಹೆ ಬಿದ್ದಿತು. ನಿಯಮ ಎಷ್ಟು ದೂರ ಸಾಗಿತೆಂಬುದಕ್ಕೆ ನಾವು ನಿಂತ ನೆಲವೇ ಸಾಕ್ಷಿ. ಎರಡು ನೂರು ವರ್ಷಗಳ ನಂತರ ಭಾರತದ ಭೂವಿಜ್ಞಾನ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫುಟ್ (1834-1912) ಅಂದಿನ ದಕ್ಷಿಣ ಮರಾಠಾ ಪ್ರಾಂತವನ್ನು ಸುತ್ತಿ 1876ರಲ್ಲಿ ವರದಿ ಪ್ರಕಟಿಸಿದರು. ಹಿಂದೊಮ್ಮೆ ಜಿಲ್ಲಾ ಕೇಂದ್ರವಾಗಿದ್ದ, ಇಂದು ಹಣ್ಣಿನ ತೋಟಗಳಿಗೆ ಹೆಸರಾದ ಕಲಾದಗಿಯ ಹೆಸರು ನಮ್ಮ ಈ ಶಿಲೆಗಳಿಗೆ ನಿಂತದ್ದು ಹೀಗೆ. ಫುಟ್ ಅವರ ಮಾವ ಪೀಟರ್ ಪರ್ಸಿವಲ್, ಬೈಬಲಿನ ತಮಿಳು ಅನುವಾದದಲ್ಲಿ ದುಡಿದ ಮಿಷನರಿ. ಗೋಕಾಕದ ಸಮೀಪ, ಮುಧೋಳಕ್ಕೆ ಹರಿದುಬರುವ ಅದೇ ಘಟಪ್ರಭೆಯ ಬಯಲಿನಲ್ಲಿ ಫುಟ್ ಅವರಿಗೆ ಘೇಂಡಾಮೃಗದ ಮೂಳೆಗಳು ಸಿಕ್ಕಿದವು. ಅದು ಅಳಿದುಹೋದ ಜಾತಿಯೆಂದು 1874ರಲ್ಲಿ ಬರೆದರು. ಯಾವ ರಾಜನ ಸೇನೆಯನ್ನೂ ಅವರು ಎಳೆದು ತರಬೇಕಾಗಲಿಲ್ಲ.

ಜಮಖಂಡಿಯಿಂದ ಉತ್ತರಕ್ಕೆ ಕೃಷ್ಣೆಯ ಕಡೆ ಹೋದರೆ ಎರೆಭೂಮಿ. ಅದರ ತಳದಲ್ಲಿರುವುದು ಒಂದು ಕಾಲದಲ್ಲಿ ಬೆಂಕಿಯ ದ್ರವವಾಗಿ ಹರಿದ ಕರಿಗಲ್ಲು. ಮುಧೋಳದ ಕಡೆ ಸುಣ್ಣಗಲ್ಲು, ಬೀಳಗಿಯ ಕಡೆಯ ಗುಡ್ಡಗಳಲ್ಲಿ ಮರಳು ಗಟ್ಟಿಯಾಗಿ ಆದ ಬೆಣಚುಶಿಲೆ. ಕಲಾದಗಿ ಶಿಲೆಗಳಲ್ಲಿ ಕೆಲವೆಡೆ ತಿಳಿನೀರಿನ ಅಲೆಗಳು ಮರಳಿನ ಮೇಲೆ ಬಿಟ್ಟ ಗೆರೆಗಳು ಹಾಗೆಯೇ ಕಲ್ಲಾಗಿ ಉಳಿದಿವೆ. ಸುಣ್ಣದ ಶಿಲೆಗಳಲ್ಲಿ ಕೆಲವೆಡೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರವಾಗಿ ಕಟ್ಟಿದ, ಉಳ್ಳಾಗಡ್ಡಿ ಕೊಯ್ದಂತೆ ಕಾಣುವ ರಚನೆಗಳಿವೆ. ಕರಿಗಲ್ಲು ಈ ಶಿಲೆಗಳ ಮೇಲೆ ಹರಿದು ಕುಳಿತಿದೆ. ಸ್ಟೆನೋ ನಿಯಮದಂತೆ ಜಮಖಂಡಿಯ ಕರಿಗಲ್ಲಿಗಿಂತ ಮುಧೋಳದ ಸುಣ್ಣಗಲ್ಲು ಹಿರಿಯದು. ಅವರಿಗೆ ಸಿಗದ ವರ್ಷದ ಲೆಕ್ಕ ಇಪ್ಪತ್ತನೆಯ ಶತಮಾನದಲ್ಲಿ ಸಿಕ್ಕಿತು. ಯುರೇನಿಯಂನಂತಹ ಧಾತುಗಳು ನಿಶ್ಚಿತ ವೇಗದಲ್ಲಿ ಕ್ಷಯಿಸಿ ಸೀಸವಾಗುತ್ತವೆ. ಎಷ್ಟು ಸೀಸ ಕೂಡಿದೆ ಎಂಬುದರಿಂದ ಕಾಲ ತಿಳಿಯುತ್ತದೆ. ಆ ಬಗೆಯ ಲೆಕ್ಕಗಳಿಂದ ನಮ್ಮ ಕರಿಗಲ್ಲಿಗೆ ಸುಮಾರು ಆರೂವರೆ ಕೋಟಿ ವರ್ಷ, ಅದರಡಿಯ ಕಲಾದಗಿ ಸುಣ್ಣಗಲ್ಲಿಗೆ ನೂರು ಕೋಟಿಗೂ ಮಿಗಿಲು. ಉಲ್ಕಾಶಿಲೆಗಳ ಸೀಸವನ್ನು ಅಳೆದು ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಭೂಮಿಗೆ ಕೊಟ್ಟ ವಯಸ್ಸು 455 ಕೋಟಿ. ಇಂದಿಗೂ ಅದು ಹೆಚ್ಚು ಬದಲಾಗಿಲ್ಲ. ಅಂದು ಬಂದಿದ್ದ ಆ ಹುಡುಗ ಈ ಅಂಕಣವನ್ನು ಓದುತ್ತಿದ್ದರೆ ಕೇಳಿಸಿಕೊಳ್ಳಲಿ: ಇಲ್ಲಪ್ಪಾ, ನಿಮ್ಮ ಬಾವಿಯ ಕಲ್ಲು ಆರು ಸಾವಿರ ವರ್ಷಗಳದ್ದಲ್ಲ.

ಹಾಗೆಂದು ಶ್ರೀಗ್ರಂಥ ಸುಳ್ಳಾಯಿತೇ? ಐದನೆಯ ಶತಮಾನದಲ್ಲಿಯೇ ಸಂತ ಅಗಸ್ಟೀನರು ಆದಿಕಾಂಡದ ಆರು ದಿನಗಳನ್ನು ಸೂರ್ಯನ ಸುತ್ತಿನ ದಿನಗಳೆಂದು ತಿಳಿಯಲಿಲ್ಲ; ಪ್ರಕೃತಿಯ ವಿಷಯದಲ್ಲಿ ಕ್ರೈಸ್ತನು ಶ್ರೀಗ್ರಂಥದ ಹೆಸರಿನಲ್ಲಿ ಅಜ್ಞಾನದ ಮಾತನಾಡಿದರೆ ಕೇಳುವವರು ಶ್ರೀಗ್ರಂಥವನ್ನೇ ಹೀಗಳೆಯುತ್ತಾರೆಂದು ಎಚ್ಚರಿಸಿದರು. 1909ರಲ್ಲಿ ರೋಮಿನ ಬೈಬಲ್ ಆಯೋಗ ಆ ದಿನವೆಂಬ ಪದವನ್ನು ದೀರ್ಘಾವಧಿಯೆಂದು ಗ್ರಹಿಸಲು ಅವಕಾಶವಿತ್ತಿತು. 1951ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ಅವರು ಶಿಲೆಗಳ ವಯಸ್ಸನ್ನು ನೂರಾರು ಕೋಟಿ ವರ್ಷಗಳಲ್ಲಿಯೇ ಎಣಿಸಿ ಮಾತನಾಡಿದರು. 5199ರ ಘೋಷಣೆಯಲ್ಲಿಯೂ ಈಗ ಆ ಸಂಖ್ಯೆಯ ಬದಲು ಎಣಿಕೆಗೆ ಮೀರಿದ ಯುಗಗಳೆಂದಿದೆ. ಪ್ರಾಟೆಸ್ಟಂಟ್ ಬಂಧುಗಳಲ್ಲಿಯೂ ಒಮ್ಮತವಿರಲಿಲ್ಲ. ಆಂಗ್ಲಿಕನ್ ಯಾಜಕ ಬಕ್‌ಲ್ಯಾಂಡ್ 1823ರಲ್ಲಿ ಗುಹೆಯ ಮೂಳೆಗಳನ್ನು ಪ್ರಳಯಕ್ಕೆ ಜೋಡಿಸಿದವರು, 1836ರ ಹೊತ್ತಿಗೆ ಅದನ್ನು ತಾವೇ ಕೈಬಿಟ್ಟರು. ಇಂದು ಮೊಬೈಲಿನಲ್ಲಿ ಹರಿದಾಡುವ ಆರು ಸಾವಿರದ ವಾದಕ್ಕೆ ಹೊಸ ಬಲ ಬಂದದ್ದು 1961ರಲ್ಲಿ ಅಮೆರಿಕದ ವಿಟ್‌ಕೂಂಬ್ ಮತ್ತು ಮಾರಿಸ್ ಎಂಬಿಬ್ಬರು ಬರೆದ ಪುಸ್ತಕದಿಂದ. ಅವರಿಗೂ ಅವರನ್ನು ನಂಬುವವರಿಗೂ ಶ್ರೀಗ್ರಂಥದ ಮೇಲಿರುವ ಪ್ರೀತಿಯನ್ನು ನಾವು ಲಘುವಾಗಿ ಕಾಣುವುದಿಲ್ಲ. ಆ ತಂದೆಯನ್ನೂ ಅಂದು ನಾವು ಗದರಿಸಲಿಲ್ಲ. ಮಗಳು ದೇವರನ್ನು ಬಿಟ್ಟುಬಿಡುವಳೋ ಎಂಬ ಭಯ ಅವರದು. ಆದರೆ ಆ ಭಯವೇ ಅವಳನ್ನು ಬಾಗಿಲಿನತ್ತ ತಳ್ಳುತ್ತಿತ್ತು.

ಸ್ಟೆನೋ ಅವರಿಗೆ ಕಲ್ಲು ದೇವರಿಂದ ದೂರವಾಗುವ ದಾರಿಯಾಗಲಿಲ್ಲ. ಶಾರ್ಕಿನ ತಲೆಯನ್ನು ಸೀಳಿದ ಅದೇ 1666ರಲ್ಲಿ ಲಿವೊರ್ನೊ ಬೀದಿಯಲ್ಲಿ ಪರಮಪ್ರಸಾದದ ಮೆರವಣಿಗೆ ಸಾಗುವುದನ್ನು ಕಂಡಿದ್ದರು. ಜನ ಪೂಜಿಸುತ್ತಿರುವುದು ಬರಿಯ ರೊಟ್ಟಿಯಾಗಿದ್ದರೆ ಇವರೆಲ್ಲ ಮರುಳರು, ಅಲ್ಲವಾದರೆ ತಾನೇಕೆ ಮಂಡಿಯೂರಲಿಲ್ಲ ಎಂಬ ಪ್ರಶ್ನೆ ಬಿಡದೆ ಕಾಡಿತು. ಫ್ಲಾರೆನ್ಸಿನ ಕಾನ್ವೆಂಟೊಂದರ ಔಷಧಾಲಯ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಮರಿಯಾ ಫ್ಲಾವಿಯಾ ಅವರಿಗಾಗಿ ಪ್ರಾರ್ಥಿಸುತ್ತ, ಮಾತನಾಡುತ್ತ ಬಂದರು. 1667ರ ನವೆಂಬರಿನಲ್ಲಿ ಸ್ಟೆನೋ ಕಥೋಲಿಕರಾದರು. ಪದರಗಳ ಗ್ರಂಥ ಬಂದದ್ದು ಅದಾದ ಮೇಲೆ ಎಂಬುದನ್ನು ಗಮನಿಸಬೇಕು.

1672ರಿಂದ ಎರಡು ವರ್ಷ ಕೋಪನ್‌ಹೇಗನ್ನಿನಲ್ಲಿ ಅರಸನ ಕರೆಯ ಮೇರೆಗೆ ಪಾಠ ಹೇಳಿ ಇಟಲಿಗೆ ಮರಳಿದರು. 1675ರಲ್ಲಿ ಯಾಜಕ ದೀಕ್ಷೆ, 1677ರಲ್ಲಿ ಸಂತ ಗ್ರೆಗೊರಿ ಬಾರ್ಬರಿಗೊ ಅವರ ಕೈಯಿಂದ ಧರ್ಮಾಧ್ಯಕ್ಷ ದೀಕ್ಷೆ. ಆಮೇಲೆ ವಿಜ್ಞಾನದತ್ತ ಮರಳಲಿಲ್ಲವೆಂದೇ ಹೇಳಬಹುದು. ಹ್ಯಾನೋವರಿನಲ್ಲಿ ಅವರನ್ನು ಬಲ್ಲ ದಾರ್ಶನಿಕ ಲೈಬ್ನಿಜ್, ಶ್ರೇಷ್ಠ ವಿಜ್ಞಾನಿಯೊಬ್ಬ ಸಾಧಾರಣ ದೈವಶಾಸ್ತ್ರಜ್ಞನಾದನೆಂದು ಹಳಹಳಿಸಿದನು. ಭೂಮಿಯನ್ನು ಕುರಿತ ತನ್ನ ಗ್ರಂಥಕ್ಕೆ ಸ್ಟೆನೋ ವಿಚಾರಗಳನ್ನೇ ಆಧರಿಸಿದನು. ಆ ಹಳಹಳಿಕೆಯಲ್ಲಿ ನಮಗೂ ಸ್ವಲ್ಪ ಪಾಲಿದೆ, ಮುಚ್ಚುಮರೆ ಏಕೆ? ಆ ದೊಡ್ಡ ಗ್ರಂಥವನ್ನು ಬರೆದಿದ್ದರೆ ಎಂದು ಅನಿಸದಿರದು. ಆದರೆ ಉತ್ತರ ಜರ್ಮನಿಯಲ್ಲಿ ಚದುರಿಹೋಗಿದ್ದ ಬೆರಳೆಣಿಕೆಯ ಕಥೋಲಿಕರಿಗೆ ಯಾಜಕರೇ ಇರಲಿಲ್ಲ. ಜಮಖಂಡಿಯಿಂದ ಬೀಳಗಿಯವರೆಗೆ ಇಲ್ಲೊಂದು ಅಲ್ಲೊಂದು ಮನೆಯನ್ನು ಹುಡುಕಿಕೊಂಡು ಹೋಗುವ ನಮಗೆ ಅವರ ಆಯ್ಕೆ ಅರ್ಥವಾಗುತ್ತದೆ.

ಮ್ಯೂನ್ಸ್ಟರಿನಲ್ಲಿ ಸಹಾಯಕ ಧರ್ಮಾಧ್ಯಕ್ಷರಾಗಿದ್ದಾಗ, ಹೊಸ ಅಧಿಪತಿಯ ಆಯ್ಕೆಯಲ್ಲಿ ಹಣದ ವ್ಯವಹಾರ ನಡೆಯಿತೆಂದು ಪ್ರತಿಭಟಿಸಿ 1683ರಲ್ಲಿ ಊರನ್ನೇ ತೊರೆದರು. ಬಡವರಿಗಾಗಿ ಉಂಗುರವನ್ನೂ ಕೊರಳ ಶಿಲುಬೆಯನ್ನೂ ಮಾರಿದ್ದರು. ಹ್ಯಾಂಬರ್ಗಿನಿಂದ ಶ್ವೆರಿನ್ ಪಟ್ಟಣಕ್ಕೆ ಹೋಗಿ, ಅಲ್ಲಿ 1686ರ ಡಿಸೆಂಬರ್ 5ರಂದು, ಪಿತ್ತಕೋಶದ ಕಲ್ಲಿನ ನೋವಿನಿಂದ ನರಳಿ ತೀರಿಕೊಂಡರು. ವಯಸ್ಸು ಇನ್ನೂ ನಲವತ್ತೆಂಟು. ಟಸ್ಕನಿಯ ಪ್ರಭು ಮೂರನೆಯ ಕೊಸಿಮೊ ಅವರ ದೇಹವನ್ನು ಫ್ಲಾರೆನ್ಸಿಗೆ ತರಿಸಿ ಸಂತ ಲಾರೆನ್ಸರ ದೇವಾಲಯದಲ್ಲಿ ಸಮಾಧಿ ಮಾಡಿಸಿದನು. ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಪುನೀತರ ಸಾಲಿಗೆ ಸೇರಿಸಿದ್ದು 1988ರ ಅಕ್ಟೋಬರ್ 23ರಂದು. ಮಹಾಧರ್ಮಾಧ್ಯಕ್ಷ ಅಷರ್ ಸೃಷ್ಟಿಗೆ ಗೊತ್ತುಪಡಿಸಿದ್ದ ತಾರೀಖೂ ಅದೇ! ಕಾಕತಾಳೀಯವೇ ಇರಬೇಕು, ಆದರೂ ನಮಗೆ ನಗು ಬಂದಿತು.

ಡಿಸೆಂಬರ್ 5 ಅವರ ಸ್ಮರಣೆಯ ದಿನ. ಅದರ ಮರು ಭಾನುವಾರ ಬಲಿಪೂಜೆಯ ನಂತರ ಧರ್ಮೋಪದೇಶದ ಮಕ್ಕಳನ್ನು ಮುಧೋಳದ ಕಡೆಯ ಸುಣ್ಣಗಲ್ಲಿನ ಪದರಗಳನ್ನು ತೋರಿಸಲು ಕರೆದೊಯ್ಯುವ ವಿಚಾರವಿದೆ. ಆ ಮಗಳು ವಿವರಿಸಲು ಒಪ್ಪಿದ್ದಾಳೆ, ತಂದೆ ವಾಹನದ ಏರ್ಪಾಟು ನೋಡಿಕೊಳ್ಳುತ್ತಿದ್ದಾರೆ. ಬರುವವರು ಬುತ್ತಿ ಕಟ್ಟಿಕೊಂಡು ಬರಬೇಕು.